ಸಂಡಿಗೆಯ ಪಾಲಿನ ಬಿಸಿಲು

ಸೋಲಾರ್ ಫಲಕಗಳ ಜಾಗ ಗುರುತು ಮಾಡಲು ಚಾಕ್‌ಪೀಸ್ ಹಿಡಿದು ತಾರಸಿಗೆ ಬಂದ ಮುಬೀನ್ ಬಾಗಿಲಲ್ಲೇ ನಿಂತುಬಿಟ್ಟ. ಗೆರೆ ಎಳೆಯಬೇಕಾದ ಕಡೆಯೆಲ್ಲ ಹಳೆಯ ಇಳಕಲ್ ಸೀರೆಗಳನ್ನು ಹಾಸಿತ್ತು. ಸೀರೆಗಳ ತುಂಬ ಅಕ್ಕಿ ಸಂಡಿಗೆ. ನಡುವೆ, ಕಾಗೆ ಬೆದರಲೆಂದು ಕಪ್ಪು ಬಟ್ಟೆ ಕಟ್ಟಿ ನಿಲ್ಲಿಸಿದ ಕೋಲು. ಅಂಚಿನಲ್ಲಿ ಪಾತ್ರೆ ಮುಂದಿಟ್ಟುಕೊಂಡು ಇನ್ನೂ ಹಿಟ್ಟು ಬಿಡುತ್ತ ಕೂತಿದ್ದವರು ಎರಡನೇ ಮಹಡಿಯ ರತ್ನವ್ವ.

“ಮೇಡಂ, ಸ್ವಲ್ಪ ಇಲ್ ಬನ್ನಿ,” ಎಂದು ಅವನು ಹಿಂದೆ ತಿರುಗಿ ಕರೆದ.

ಕೌಸಲ್ಯಾ ನಕ್ಷೆಯ ಸುರುಳಿ ಹಿಡಿದು ಮೆಟ್ಟಿಲು ಹತ್ತಿ ಬಂದರು. ಭೌತಶಾಸ್ತ್ರದ ಅಧ್ಯಾಪಕಿಯಾಗಿ ನಿವೃತ್ತರಾದ ಅವರು ಗಂಗಾನಗರದ ಆ ಎಂಟು ಮನೆಗಳ ಕಟ್ಟಡದ ಸಂಘಕ್ಕೆ ಕಾರ್ಯದರ್ಶಿ. ತಾರಸಿಯ ಮೇಲೆ ಏನೇ ಕೂರಿಸಬೇಕಾದರೂ ಎಂಟೂ ಮನೆಯವರು ಒಪ್ಪಬೇಕೆಂದು ಸಂಘದ ಹಳೆಯ ನಿಯಮ. ಅದರಿಂದಾಗಿ ಸೋಲಾರ್ ಯೋಜನೆ ಮೂರು ವರ್ಷ ಕೊಳೆತಿತ್ತು. ಪ್ರತಿ ಸಭೆಯಲ್ಲೂ ಏಳು ಕೈ ಮೇಲೇಳುತ್ತಿದ್ದವು. ರತ್ನವ್ವನ ಕೈ ಮಡಿಲಲ್ಲೇ ಇರುತ್ತಿತ್ತು. ಹೋದ ತಿಂಗಳು ಕೌಸಲ್ಯಾ ಪಟ್ಟು ಹಿಡಿದು ನಿಯಮವನ್ನೇ ಬದಲಿಸಿದ್ದರು. ಇನ್ನು ಬಹುಮತ ಸಾಕು.

“ರತ್ನವ್ವನವರೇ, ಇವತ್ತು ಮಾರ್ಕಿಂಗ್ ಇದೆ ಅಂತ ಗ್ರೂಪ್‌ನಲ್ಲಿ ಹಾಕಿದ್ನಲ್ಲ?”

“ನೋಡೀನ್ರೀ ಅಕ್ಕಾರ. ಅದಕ್ಕ ಲಗೂನ ಎದ್ದು ಹಾಕಾಕ್ಹತ್ತೀನಿ. ನಾಳಿಂದ ಜಾಗ ಇರೂದಿಲ್ಲಲ್ರೀ.”

“ಒಂಚೂರು ಎತ್ತಿಟ್ರೆ ಬೇಗ ಗೆರೆ ಎಳ್ಕೊಂಡು ಹೋಗ್ಬಿಡ್ತೀನಮ್ಮ,” ಎಂದ ಮುಬೀನ್.

“ಹಸೀ ಸಂಡಗಿ ಎತ್ತತೀಯೇನಪಾ? ಎತ್ತು, ನೋಡೂಣು. ಒಂದಕ್ಕೊಂದು ಅಂಟಿ ಉಂಡಿ ಆಕ್ಕಾವು.”

ಮುಬೀನ್ ಚಾಚಿದ ಕೈ ಹಿಂದೆಳೆದುಕೊಂಡ. “ಬೇಡಪ್ಪಾ, ಈ ಪಾಪ ನನಗ್ಯಾಕೆ.”

ಕೌಸಲ್ಯಾಗೆ ಸಿಟ್ಟು ಬರಬೇಕಿತ್ತು, ನಗು ಬಂತು. ನಗುವನ್ನು ಅದುಮಿಕೊಂಡು, “ನಮ್ಮ ಕಡೆ ಏಳು ವೋಟಿದೆ ಕಣ್ರೀ,” ಎಂದರು.

“ಇರಲಿ ಬಿಡ್ರಿ. ವೋಟು ನಿಮ್ಮ ಕಡಿ, ಬಿಸಲು ನನ್ನ ಕಡಿ.”

“ಲಿಫ್ಟು, ನೀರಿನ ಮೋಟ್ರು ಎಲ್ಲಾ ಇದ್ರಲ್ಲೇ ಓಡತ್ತೆ. ನಿಮಗೂ ಒಳ್ಳೇದು ತಾನೇ? ಯಾಕ್ರೀ ಬೇಡ ಅಂತೀರಿ?”

ರತ್ನವ್ವನ ಕೈಯ ಚಮಚ ನಿಂತಿತು. “ಮೂರು ವರ್ಷದ ಮ್ಯಾಲೆ ಇವತ್ತು ಕೇಳಿದ್ರಿ ನೋಡ್ರಿ! ಒಪ್ಪಿದವರು ಕೈ ಎತ್ರಿ ಅಂತಿದ್ರಿ. ಎತ್ತದಾಕಿನ್ನ ಯಾಕವ್ವಾ ಅಂತ ಒಬ್ಬರರ ಕೇಳೀರೇನು? ಸೋಲಾರ್ ನಾ ಯಾಕ ಬ್ಯಾಡ ಅನ್ಲಿ? ನಮ್ಮ ಗದಗ ಕಡೆ ಗುಡ್ಡದ ತುಂಬ ಗಾಳಿ ಪಂಖಾ ತಿರಗ್ತಾವು, ನಾವೇನು ಬ್ಯಾಡ ಅಂದೀವಾ? ನನಗ ಬೇಕಾಗಿದ್ದು ಬ್ಯಾಸಗ್ಯಾಗ ಒಂದ್ ಸೀರಿ ಹಾಸೂವಷ್ಟು ಬಿಸಲು. ಹಬ್ಬಕ್ಕ ಎಂಟೂ ಮನೀಗೆ ಸಂಡಗಿ ಮುಗಲಿಂದ ಉದುರ್ತಾವೇನು? ಹ್ವಾದ ವರ್ಷದ ಡಬ್ಬಿ ಇನ್ನೂ ನಿಮ್ಮಲ್ಲೇ ಐತಿ.”

ಡಬ್ಬಿಯ ಮಾತು ಬಂದದ್ದೇ ಕೌಸಲ್ಯಾ ಸುರುಳಿಯ ದಾರ ಬಿಚ್ಚತೊಡಗಿದರು. ಅವರು ಅಲ್ಲೇ ಕುಕ್ಕರಗಾಲಲ್ಲಿ ಕೂತು ನಕ್ಷೆ ಬಿಡಿಸಿದರು. “ನೋಡಿ, ಇವು ಫಲಕದ ಸಾಲುಗಳು. ಚಳಿಗಾಲದಲ್ಲಿ ಸೂರ್ಯ ದಕ್ಷಿಣಕ್ಕೆ ವಾಲಿರ್ತಾನೆ. ಮುಂದಿನ ಸಾಲಿನ ನೆರಳು ಹಿಂದಿನದರ ಮೇಲೆ ಬೀಳಬಾರದು ಅಂತ ನಡುವೆ ಜಾಗ ಬಿಟ್ಟಿದೀವಿ. ಇಲ್ಲಿ ಬರೀ ನೆರಳು, ನಿಮಗೆ ಕೊಟ್ರೂ ಏನು ಪ್ರ...”

ಮಾತು ಅಲ್ಲಿಗೇ ನಿಂತಿತು. ಅವರ ಕಣ್ಣು ಕಾಗೆಕೋಲಿನ ಬುಡದಲ್ಲಿತ್ತು. ಕೋಲಿಗೆ ನೆರಳೇ ಇರಲಿಲ್ಲ. ಕಪ್ಪು ಬಟ್ಟೆಯ ನೆರಳೊಂದು ಮಾತ್ರ ಬುಡದಲ್ಲಿ ಮುದುಡಿ ಕೂತಿತ್ತು.

ಏಪ್ರಿಲ್ ಕೊನೆಯ ವಾರ, ನಡುಹಗಲು. ವರ್ಷಕ್ಕೆ ಎರಡು ಸಲ ನಡುಹಗಲ ಸೂರ್ಯ ಬೆಂಗಳೂರಿನ ನೆತ್ತಿಗೆ ನೇರ ಬರುತ್ತಾನೆ. ಆ ದಿನ ವಿದ್ಯಾರ್ಥಿಗಳನ್ನು ಕಾಲೇಜಿನ ಅಂಗಳಕ್ಕೆ ಕರೆದೊಯ್ದು, ನೀರಿನ ಬಾಟಲಿ ನಿಲ್ಲಿಸಿ, ನೆರಳು ಹುಡುಕಿ ಎಂದು ಕಾಡಿಸುವುದು ಪಾಠ ಮಾಡುತ್ತಿದ್ದ ಕಾಲದಲ್ಲಿ ಕೌಸಲ್ಯಾಗೆ ಹಬ್ಬವಿದ್ದ ಹಾಗಿತ್ತು. ಆದರೂ ನಕ್ಷೆ ಬರೆಸುವಾಗ ಅವರ ತಲೆಯಲ್ಲಿದ್ದುದು ಡಿಸೆಂಬರಿನ ಸೂರ್ಯನೊಬ್ಬನೇ.

“ಮುಬೀನ್, ಡಿಸೆಂಬರ್‌ನಲ್ಲಿ ಯಾರಾದ್ರೂ ಸಂಡಿಗೆ ಹಾಕ್ತಾರೇನೋ?”

“ಡಿಸೆಂಬರ್‌ನಲ್ಲಿ ಬಟ್ಟೇನೇ ಒಣಗಲ್ಲ ಮೇಡಂ.”

“ಹಾಗಾದ್ರೆ ಚಳಿಗಾಲದ ನೆರಳಿಗೆ ಅಂತ ಬಿಟ್ಟ ಜಾಗ, ಬೇಸಿಗೇಲಿ ಪೂರ್ತಿ ಬಿಸಿಲು! ಮುಂದಿನ ಸಾಲನ್ನ ಪ್ಯಾರಪೆಟ್ ಗೋಡೆ ಕಡೆಗೆ ಇನ್ನೊಂಚೂರು ಸರಿಸಿದ್ರೆ ಎಷ್ಟು ಸಿಗತ್ತೆ, ಹಿಡಿ ಟೇಪು.”

ಮುಬೀನ್ ಟೇಪು ಹಿಡಿದು ಸೀರೆಯ ಅಗಲ ಅಳೆದ, ಪ್ಯಾರಪೆಟ್‌ನವರೆಗಿನ ಜಾಗ ಅಳೆದ, ತಲೆ ಕೆರೆದುಕೊಂಡ. “ಕೂರತ್ತೆ ಮೇಡಂ. ಒಂದು ಫಲಕಾನೂ ಕಮ್ಮಿ ಆಗಲ್ಲ. ಸೀರೆ ಅಕ್ಕಪಕ್ಕ ಓಡಾಡಕ್ಕೂ ದಾರಿ ಉಳಿಯತ್ತೆ. ಹೆಂಗಿದ್ರೂ ಫಲಕ ತೊಳೆಯಕ್ಕೆ ದಾರಿ ಬೇಕಲ್ವಾ?”

“ತೊಳಿಯೂದು ನಾನಽ ತೊಳೀತೀನಿ. ದಿನಾ ಮ್ಯಾಲೆ ಬರಾಕಿ ಮತ್ಯಾರು?” ಎನ್ನುತ್ತ ರತ್ನವ್ವ, ನಸುಕಿನಲ್ಲೇ ಹಾಕಿದ್ದ ಸಾಲಿನಿಂದ ಅರೆ ಒಣಗಿದ ಸಂಡಿಗೆಗಳನ್ನು ಎಬ್ಬಿಸಿ ಇಬ್ಬರಿಗೂ ಕೊಟ್ಟರು. ಅಂಚು ಗರಿಗರಿ, ನಡುವೆ ಇನ್ನೂ ಮೆತ್ತಗೆ, ನಾಲಿಗೆಗೆ ಜೀರಿಗೆ. ಕೌಸಲ್ಯಾ ಕೇಳದೆಯೇ ಇನ್ನೊಂದು ತೆಗೆದುಕೊಂಡರು.

“ಎಲ್ಲಿ ಸಹಿ ಹಾಕ್ಲಿ ಹೇಳ್ರಿ.”

“ಹೊಸ ನಿಯಮದಲ್ಲಿ ನಿಮ್ಮ ಸಹಿ ಬೇಕಾಗಿಲ್ಲ ರತ್ನವ್ವನವರೇ.”

“ನಿಯಮಕ್ಕ ಬ್ಯಾಡಾಗಿರಬೇಕು. ನನಗ ಬೇಕು.”

ಮುಬೀನ್ ಪೆನ್ನಿಗೆಂದು ಜೇಬು ತಡಕುವಷ್ಟರಲ್ಲಿ ರತ್ನವ್ವ ಹಿಟ್ಟಿನ ಹೆಬ್ಬೆರಳನ್ನು ನಕ್ಷೆಯ ಎರಡು ಸಾಲುಗಳ ನಡುವಿನ ಖಾಲಿ ಜಾಗದಲ್ಲಿ ಒತ್ತಿಬಿಟ್ಟರು. “ಅಯ್ಯೋ, ನಕ್ಷೆ ಪ್ರಿಂಟು ಹಾಳಾಗತ್ತೆ!” ಎಂದು ಅವನು ಒರೆಸಲು ಬಗ್ಗಿದ. ಕೌಸಲ್ಯಾ ಅವನ ಕೈ ಹಿಡಿದರು.

ಕೋಲಿನ ಬುಡದಲ್ಲಿ ಮತ್ತೆ ನೆರಳು ಮೊಳೆಯುವ ಹೊತ್ತಿಗೆ ಆ ಬಿಳಿ ಗುರುತು ಒಣಗಿ, ಸಂಡಿಗೆಯಂತೆ ಅಂಚು ಎತ್ತಿತ್ತು.