ಕತ್ತಿನ ದಾರದ ಬೀಗದ ಕೈ

ಹೊರಗಿನಿಂದ ಚಿಲಕ ಬಿತ್ತು. ಮೂಕಿ ಕತ್ತಿನ ದಾರ ತಡವಿಕೊಂಡಳು. ಬೀಗದ ಕೈ ಅಲ್ಲೇ ಇತ್ತು.

ಫೋನು ಕಿತ್ತುಕೊಂಡಿದ್ದರು, ಓಲೆ ಬಿಚ್ಚಿಸಿದ್ದರು, ಹೆಸರನ್ನೂ ಬಾಗಿಲಾಚೆ ಬಿಡಿಸಿದ್ದರು. ಈ ಕಬ್ಬಿಣದ ತುಂಡು ಮಾತ್ರ ಉಳಿದಿತ್ತು. ಕೀಲಿಗೊಂಚಲನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಓಡಾಡುವ ದೊಡ್ಡಮ್ಮ ಒಮ್ಮೆ ಅದನ್ನು ಕಂಡು, "ಯಾವ ಅರಮನೇದೇ ಇದು, ರಾಣಿ?" ಎಂದು ನಕ್ಕು ಬಿಟ್ಟುಬಿಟ್ಟಿದ್ದಳು. ಮೂಕಿ ಅದನ್ನು ಮತ್ತೆ ಸೆರಗಿನೊಳಗೆ ಸೇರಿಸಿಕೊಂಡಿದ್ದಳು. ಮೂಕಿ ಎಂಬ ಹೆಸರು ಮನೆಯ ಹೆಂಗಸರು ಇಟ್ಟದ್ದು. ಬಾಯಿ ಇಲ್ಲದ್ದಕ್ಕಲ್ಲ, ಬಾಯಿ ಬಿಡದ್ದಕ್ಕೆ.

ಒಳ್ಳೆಯ ಬದುಕು ಕಟ್ಟಿಕೊಡುತ್ತೇವೆ ಎಂದು ವ್ಯಾನು ಹತ್ತಿಸಿದ್ದರು. ಇಳಿಸಿದ್ದು ಇಲ್ಲಿ. ಕಿಟಕಿಗೆ ಜಾಲರಿ, ಕಾಂಪೌಂಡಿನ ಮೇಲೆ ಗಾಜಿನ ಚೂರು, ಗೇಟಿನಲ್ಲಿ ಕೋಲು ಹಿಡಿದ ಮಾಮ. ಎದುರು ಮಾತಾಡಿದರೆ ಉಗ್ರಾಣದ ಕತ್ತಲು. ಆಗಾಗ ಗಂಡಸರು ನೋಡಲು ಬರುತ್ತಿದ್ದರು. ಅಂದು ತಲೆಗೆ ಎಣ್ಣೆ, ಮುಖಕ್ಕೆ ಪೌಡರು, ಹಜಾರದಲ್ಲಿ ಸಾಲಾಗಿ ನಿಲ್ಲುವುದು. ಸಂತೆಯಲ್ಲಿ ಎತ್ತಿನ ಹಲ್ಲು ನೋಡುವವನಿಗಾದರೂ ಕೊಂಚ ನಾಚಿಕೆ ಇರುತ್ತದೆ. ಕಳೆದ ಸಲ ಉದ್ದಜಡೆಯವಳನ್ನು ಆರಿಸಿದರು. ಅವಳು ಒಲ್ಲೆ ಎಂದಳು. ಒಲ್ಲೆ ಎನ್ನಲು ನೀನ್ಯಾವ ಊರ ದೊರೆಸಾನಿ ಎಂದು ದೊಡ್ಡಮ್ಮ ಕೇಳಿದಳು. ಹೊಸ ಬಟ್ಟೆ ಉಟ್ಟು ಮೆಟ್ಟಿಲಿಳಿದವಳು ಮತ್ತೆ ಬರಲಿಲ್ಲ.

ಮೂಕಿಗೆ ತನ್ನ ಸರದಿಯ ಭಯಕ್ಕಿಂತ ಮಗಳ ಚಿಂತೆ ದೊಡ್ಡದು. ಹಾಲುಹಲ್ಲು ಬೀಳುವ ವಯಸ್ಸಿನ ಹುಡುಗಿ, ಪಕ್ಕದ ಮನೆಯ ಅಜ್ಜಿಯ ಬಳಿ ಉಳಿದುಬಿಟ್ಟಿದ್ದಳು. ದೊಡ್ಡಮ್ಮ ಪಕ್ಕದಲ್ಲೇ ನಿಂತು ಮಾತಾಡಿಸುವ ಫೋನಿನಲ್ಲಿ ಅಜ್ಜಿ ಹೇಳಿದ್ದಳು: "ನನ್ನ ಕಣ್ಣು ಹೋಗ್ತಾ ಇದೆ ಕಣೇ. ಈ ತಿಂಗಳು ನೀನು ಬರದಿದ್ರೆ ಮಗೂನ ಅನಾಥಾಶ್ರಮಕ್ಕೆ ಬಿಡ್ತೀನಿ. ಬಾಗಿಲ ಹತ್ರಾನೇ ಕೂತಿರ್ತಾಳೆ. ನಾನೇನು ಹೇಳ್ಲಿ ಅವಳಿಗೆ?"

ಆ ವಾರವೆಲ್ಲ ಹಜಾರದ ಟಿವಿಯಲ್ಲಿ ಒಂದೇ ಜಗಳ. ಮೈ ಮಾರುವ ಕಸುಬನ್ನು ಕಾನೂನು ಒಪ್ಪಬೇಕೋ ಬೇಡವೋ. ಒಪ್ಪಿದರೆ ಆ ಹೆಂಗಸರಿಗೆ ಆಸ್ಪತ್ರೆ ಸಿಗುತ್ತದೆ, ಹೊಡೆದವನ ಮೇಲೆ ದೂರು ಕೊಡುವ ಧೈರ್ಯ ಬರುತ್ತದೆ ಎಂದು ಒಬ್ಬ ವಕೀಲ. ಒಪ್ಪಿದರೆ ಬೀದಿಬೀದಿಗೂ ಅಂಗಡಿ ಬೀಳುತ್ತದೆ, ಹುಡುಗಿಯರನ್ನು ಕದ್ದು ಮಾರುವವರ ಹೊಟ್ಟೆಗೆ ಹಾಲು ಹೊಯ್ದ ಹಾಗೆ ಎಂದು ಬಿಳಿಕೂದಲಿನ ಮೇಡಂ. "ಬೀಗ ಹಾಕಿದ ಬಾಗಿಲ ಹಿಂದೆ ಒಪ್ಪಿಗೆ ಅನ್ನೋದೇ ಇರಲ್ಲ" ಎಂದು ಅವರು ಮೇಜು ಕುಟ್ಟಿದರು. ಗಂಡ ಹೆಂಡಿರ ಜಗಳದಲ್ಲಿ ಬಡವಾಗುವ ಕೂಸು ನಾವೇ ನೋಡು ಎಂದು ಯಾರೋ ಗೊಣಗಿ, ಉಳಿದವರು ನಕ್ಕರು. ಮೂಕಿ ಮಾತ್ರ ರೆಪ್ಪೆ ಬಡಿಯದೆ ಆ ಮುಖ ನೋಡಿದಳು. ಹೇಳುವುದಿದ್ದರೆ ಇವರಿಗೇ ಹೇಳಬೇಕು.

ಆ ಮೇಡಂ ಇವತ್ತು ಇಲ್ಲಿಗೇ ಬರುವವರಿದ್ದರು. ಹೊಸ ಕಾನೂನಿನ ಸಮಿತಿಗೆ ಹೆಂಗಸರ ಬಾಯಿಂದಲೇ ಮಾತು ಬೇಕಂತೆ. ಬೆಳಗಿನಿಂದ ದೊಡ್ಡಮ್ಮ ಗಿಣಿಪಾಠ ಹೇಳಿಸಿದ್ದಳು: ಸುಖವಾಗಿದ್ದೇವೆ, ನಮ್ಮಿಷ್ಟದಿಂದಲೇ ಇದ್ದೇವೆ. ಕೊನೆಗೆ ಮೂಕಿಯ ಗಲ್ಲ ಹಿಡಿದು, "ಇವತ್ತೂ ಮೂಕಿಯಾಗೇ ಇರು, ಮಗಳನ್ನ ನೋಡೋ ಆಸೆ ಇದ್ರೆ" ಎಂದಿದ್ದಳು.

ಚಿಲಕ ತೆಗೆದರು. ಮೂಕಿಯನ್ನು ಚಿಕ್ಕ ಕೋಣೆಗೆ ಕರೆದೊಯ್ದರು. ದೊಡ್ಡಮ್ಮನೂ ಹಿಂದೆಯೇ ನುಗ್ಗಿದಳು. ಮೇಡಂ ಕೈಸನ್ನೆಯಲ್ಲೇ ಹೊರಗಟ್ಟಿದರು. ಬಾಗಿಲ ಕೆಳಗಿನ ಸಂದಿಯಲ್ಲಿ ಚಪ್ಪಲಿಯ ನೆರಳು ಮಾತ್ರ ಕದಲಲಿಲ್ಲ.

"ಹೆದರಬೇಡಮ್ಮ. ಏನೇನು ಅನುಭವಿಸಿದ್ದೀಯ, ಹೇಳು."

ಮೂಕಿ ಆ ನೆರಳನ್ನೇ ನೋಡಿದಳು. ಮಗಳು ಬಾಗಿಲ ಬಳಿ ಕೂತಿದ್ದು ಕಣ್ಣಿಗೆ ಕಟ್ಟಿತು. ಅಷ್ಟೇ, ಕಟ್ಟೆ ಒಡೆಯಿತು. ಜಾಲರಿ, ಉಗ್ರಾಣ, ಕಿತ್ತುಕೊಂಡ ಫೋನು, ಸಾಲಾಗಿ ನಿಲ್ಲಿಸಿ ಗಂಡಸರಿಗೆ ತೋರಿಸಿದ್ದು, ಒಲ್ಲೆ ಎಂದರೂ ಕೇಳದೆ ಕಳಿಸಿದ್ದು, ಎಲ್ಲ ಹೇಳಿದಳು. ಮೇಡಂ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಇದನ್ನೇ ಅಲ್ಲವೇ ನಾನು ಟಿವಿಯಲ್ಲಿ ಬಡಿದುಕೊಂಡದ್ದು ಎಂದರು. ಅವಳ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು.

"ನಿನ್ನನ್ನ ಈ ಗತಿಗೆ ತಂದವರ ಮುಖ ನೆನಪಿದೆಯಾ? ಅವರನ್ನ ನಾನು ಸುಮ್ನೆ ಬಿಡಲ್ಲ."

"ಚೆನ್ನಾಗಿ ನೆನಪಿದೆ. ಅವತ್ತೂ ನನ್ನ ಕೈ ಹೀಗೇ ಹಿಡ್ಕೊಂಡಿದ್ರು."

"ಯಾರಮ್ಮ?"

"ನೀವು. ಹಿಂದೆ ಪೊಲೀಸ್ ವ್ಯಾನು, ಮುಂದೆ ಟಿವಿಯವರು. ನಾವು ಕಸುಬು ಮಾಡ್ತಿದ್ದ ಆ ಓಣಿಯಿಂದ ನಮ್ಮನ್ನ ಪಾರು ಮಾಡ್ದೆ ಅಂದ್ರಿ. ಮಗಳಿದಾಳೆ ಅಂತ ನಾನು ಕೂಗಿದ್ದು ನಿಮಗೆ ಕೇಳಿಸ್ಲಿಲ್ಲ. ಉದ್ದಜಡೆಯವಳನ್ನ ಗುರುತಿಲ್ಲದವನಿಗೆ ಮದುವೆ ಮಾಡಿ ಸಾಗಹಾಕಿದ್ರಲ್ಲ, ಅದರ ಫೋಟೋಕ್ಕೂ ನಿಂತಿದ್ರಿ."

ಮೇಡಂ ಹಿಡಿದ ಕೈ ಸಡಿಲವಾಯಿತು. ಅವರ ಕಣ್ಣು ಎದುರಿನ ಗೋಡೆಗೆ ಹೋಯಿತು. ಅಲ್ಲಿ ಈ ರಕ್ಷಣಾ ಗೃಹದ ಉದ್ಘಾಟನೆಯ ಫೋಟೋ. ಟೇಪು ಕತ್ತರಿಸುತ್ತಿದ್ದವರು ಅವರೇ.

ಮೂಕಿ ಕತ್ತಿನ ದಾರ ಬಿಚ್ಚಿ, ಓಣಿಯ ತನ್ನ ಬಾಡಿಗೆ ಕೋಣೆಯ ಬೀಗದ ಕೈಯನ್ನು ಮೇಜಿನ ಮೇಲಿಟ್ಟಳು.

"ಅಲ್ಲಿ ಸುಖ ಇತ್ತು ಅಂತಲ್ಲಮ್ಮ. ಆದ್ರೆ ಆ ಬಾಗಿಲಿನ ಬೀಗದ ಕೈ ನನ್ನ ಹತ್ರ ಇತ್ತು."