ಊಟದ ಡಬ್ಬಿಯೊಳಗಿನ ಮರಿ

ಮಗಳು ಸಾಕಿದ್ದ ಎರಡು ಹಲ್ಲಿಮರಿಗಳಲ್ಲಿ ದೊಡ್ಡದು ಇಕ್ಕಳದ ತುದಿಯ ಹುಳುವನ್ನು ಈ ಸಲವೂ ಕಸಿದುಕೊಂಡಿತು. ಬಡಕಲು ಮರಿ ಗಾಜಿನ ಪೆಟ್ಟಿಗೆಯ ಮೂಲೆಗೆ ಸರಿದು ಕಣ್ಣು ಮುಚ್ಚಿತು. ಅಪ್ಪ ಇಕ್ಕಳಕ್ಕೆ ಇನ್ನೊಂದು ಹುಳು ಸಿಕ್ಕಿಸಿದ. ಜ್ವರ ಬಿಟ್ಟರೂ ಮಗಳ ಹೊಟ್ಟೆಗೆ ನಾಲ್ಕು ಗುಟುಕಿಗಿಂತ ಹೆಚ್ಚು ಇಳಿದಿರಲಿಲ್ಲ. "ಅದು ತಿಂದ್ರೆ ನಾನೂ ತಿಂತೀನಿ" ಎಂದು ಹಟ ಹಿಡಿದಿದ್ದಳು.

"ಬಾರೋ ರಾಜ, ಒಂದೇ ಒಂದು ತುತ್ತು," ಎಂದು ಅವನು ಬಡಕಲು ಮರಿಯ ಮುಂದೆ ಗೋಗರೆದ.

"ಅಷ್ಟು ಬೇಡ್ಕೋಬೇಡಪ್ಪ, ಅದಕ್ಕೆ ನಾಚಿಕೆ ಆಗುತ್ತೆ," ಎಂದಳು ಮಗಳು ಮಂಚದಿಂದ, ಸೋತ ದನಿಯಲ್ಲಿ.

ಬೇರೆ ದಾರಿ ಕಾಣದೆ ಅವನು ಬಡಕಲು ಮರಿಯನ್ನು ತನ್ನ ಊಟದ ಡಬ್ಬಿಗೆ ಹಾಕಿ, ಒಂದು ಹುಳು ಬಿಟ್ಟು, ಮುಚ್ಚಳವನ್ನು ಓರೆಯಾಗಿಟ್ಟ. ಇಬ್ಬರೂ ಕಾದರು. ಮುಚ್ಚಳ ಎತ್ತಿದಾಗ ಹುಳುವಿನ ಬಾಲ ಮರಿಯ ಬಾಯೊಳಗೆ ಜಾರುತ್ತಿತ್ತು.

ಅಪ್ಪ ಕಣ್ಣೊರೆಸಿಕೊಂಡು ಗಂಜಿಯ ಬಟ್ಟಲು ತಂದು, ಚಮಚವನ್ನು ಮಗಳ ತುಟಿಗೆ ಹಿಡಿದ. ತುಟಿ ಬಿಚ್ಚಲಿಲ್ಲ.

"ಮಾತು ಕೊಟ್ಟಿದ್ದೆಯಲ್ಲ, ಪುಟ್ಟಿ?"

"ನೀನು ಹೀಗೆ ಬಾಯನ್ನೇ ನೋಡ್ತಾ ಕೂತ್ರೆ ಗಂಟಲಲ್ಲಿ ಇಳಿಯಲ್ಲಪ್ಪ. ಬಟ್ಟಲು ಇಟ್ಟು ಹೊರಗೆ ಹೋಗು."

ಅವನು ಬಾಗಿಲು ಎಳೆದುಕೊಂಡು ಹೊರಗೆ ನಿಂತ. ಒಳಗೆ ಸದ್ದಿಲ್ಲ. ಮತ್ತೆ ಮತ್ತೆ ಚಿಲಕದತ್ತ ಹೋಗುತ್ತಿದ್ದ ಕೈಯನ್ನು ಕಂಕುಳಲ್ಲಿ ಅದುಮಿಕೊಂಡ. ಬಹಳ ಹೊತ್ತಿನ ಮೇಲೆ, ಚಮಚ ಬಟ್ಟಲಿಗೆ ತಾಗಿದ ಸದ್ದು ಕೇಳಿಸಿತು.