ಕುದಿಯುವ ನೀರಿಗೊಬ್ಬ ಸಾಕ್ಷಿ

ಕಾಲೇಜಿನ ಕಿಟಕಿಯಿಲ್ಲದ ನೆಲಮಾಳಿಗೆಯಲ್ಲಿ ಮೂವತ್ತು ವರ್ಷ ಕೋಲ್ಡ್ ಫ್ಯೂಷನ್, ಅಂದರೆ ಕೋಣೆಯ ತಾಪದಲ್ಲೇ ಪರಮಾಣು ಬೆಸೆದು ಶಾಖ ಪಡೆಯುವ ವಿದ್ಯೆಯ ಹಿಂದೆ ಬಿದ್ದಿದ್ದ ಪ್ರೊಫೆಸರರ ಗಾಜಿನ ಪಾತ್ರೆಯಲ್ಲಿ ಅಂದು ಬೆಂಕಿಯಿಲ್ಲದೆಯೇ ನೀರು ಕುದಿಯಿತು. ಅದು ಆರುವ ಮೊದಲು ಯಾರಾದರೂ ನೋಡಬೇಕಿತ್ತು. ಪ್ರಿನ್ಸಿಪಾಲರಿಗೆ ಫೋನ್ ಮಾಡಿದರು.

“ಕೋಲ್ಡ್ ಫ್ಯೂಷನ್ನಾ? ಅದಿನ್ನೂ ಇದೆಯಾ ಸರ್? ಮುಂದಿನ ವಾರ ನೋಡೋಣ.”

ಪತ್ರಿಕೆಯವರು ನಕ್ಕು ಫೋನ್ ಇಟ್ಟರು. ಕೊನೆಗೆ ಪ್ರೊಫೆಸರರು ವಾಚ್‌ಮನ್‌ಗೆ ಫೋನ್ ಮಾಡಿ ಹೇಳಿದರು: “ಬೇಗ ಬಾರಯ್ಯ, ಲ್ಯಾಬಿಗೆ ಚಿರತೆ ನುಗ್ಗಿದೆ!”

ಐದೇ ನಿಮಿಷಕ್ಕೆ ಇಡೀ ಕಾಲೇಜು ಬಾಗಿಲ ಹೊರಗೆ ನೆರೆಯಿತು. ಪ್ರೊಫೆಸರರು ಓಡಿಹೋಗಿ ಬಾಗಿಲು ಎಳೆದರು. ಹೊರಗಿನಿಂದ ಚಿಲಕ ಬಿದ್ದಿತ್ತು.

“ಚಿರತೆ ಇಲ್ರಯ್ಯಾ, ಸುಳ್ಳು ಹೇಳಿದೆ! ನೀರು ಆರ್ತಾ ಇದೆ, ಬಾಗಿಲು ತೆಗೀರಿ!”

“ಅರಣ್ಯ ಇಲಾಖೆಯವರು ಬರೋತನಕ ಯಾರೂ ತೆಗೀಬೇಡಿ,” ಎಂದ ವಾಚ್‌ಮನ್. “ಪಾಪ, ಭಯಕ್ಕೆ ಮೇಷ್ಟ್ರು ಏನೇನೋ ಬಡಬಡಿಸ್ತಿದ್ದಾರೆ.”